ರನ್ನಿಂಗ್ ಶೂ ಹಾಕಿಕೊಂಡು ಬ್ಯಾಡ್ಮಿಂಟನ್ ಆಡಬಹುದಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಇರುವುದು ಶೂ ಮತ್ತು ಬಟ್ಟೆ ಬಗ್ಗೆಯೇ. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನಗೆ 34 ವರ್ಷ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ಓಡುತ್ತೇನೆ, ವಾರಕ್ಕೆ ಮೂರು ದಿನ ಜಿಮ್, ಶನಿವಾರ ಭಾನುವಾರ ಬ್ಯಾಡ್ಮಿಂಟನ್. ಎಲ್ಲದಕ್ಕೂ ಒಂದೇ ರನ್ನಿಂಗ್ ಶೂ, ಒಳ್ಳೆ ಕಂಪನಿಯದ್ದೇ. ಹೋದ ತಿಂಗಳು ಆಡುವಾಗ ಕಾಲು ಉಳುಕಿತು. ಶೂ ಸರಿಯಿಲ್ಲ ಎಂದು ಜೊತೆಗಾರರು ಹೇಳುತ್ತಾರೆ. ಮೂರು ಜೊತೆ ಶೂ ಕೊಳ್ಳಲು ನನ್ನಿಂದ ಆಗಲ್ಲ. ಏನು ಮಾಡಲಿ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಕಾಲು ಉಳುಕಿದ್ದಕ್ಕೆ ಶೂ ಒಂದೇ ಕಾರಣ ಎಂದು ನೋಡದೆ ಹೇಳಲು ಆಗುವುದಿಲ್ಲ. ಆದರೆ ಜೊತೆಗಾರರ ಮಾತಿನಲ್ಲಿ ಹುರುಳಿದೆ. ಓಡುವಾಗ ಕಾಲು ಹೋಗುವುದು ಮುಂದಕ್ಕೆ ಮಾತ್ರ. ಹಾಗಾಗಿ ರನ್ನಿಂಗ್ ಶೂನಲ್ಲಿ ಹಿಮ್ಮಡಿ ಕೆಳಗೆ ದಪ್ಪನೆಯ ಮೆತ್ತನೆ ಫೋಮ್ ಇಟ್ಟಿರುತ್ತಾರೆ, ಮೇಲೆ ತೆಳ್ಳನೆ ಜಾಲರಿ ಬಟ್ಟೆ, ಎಷ್ಟೋ ಶೂಗಳಲ್ಲಿ ಹಿಮ್ಮಡಿ ಮುಂಗಾಲಿಗಿಂತ 8ರಿಂದ 12 ಮಿಲಿಮೀಟರ್ ಎತ್ತರದಲ್ಲಿ ಇರುತ್ತದೆ. ಬ್ಯಾಡ್ಮಿಂಟನ್ ಹಾಗಲ್ಲ. ನೆಟ್ ಹತ್ತಿರ ಮೆಲ್ಲಗೆ ಬೀಳುವ ಶಟಲ್ ಎತ್ತಲು ಕಾಲು ಚಾಚಿ, ಅಲ್ಲೇ ಗಕ್ಕನೆ ನಿಂತು, ತಕ್ಷಣ ಪಕ್ಕಕ್ಕೋ ಹಿಂದಕ್ಕೋ ಜಿಗಿಯಬೇಕು. ಆಗ ಎತ್ತರದ ಮೆತ್ತನೆ ಸೋಲ್ ಒಂದು ಬದಿಗೆ ಅದುಮಿಕೊಳ್ಳುತ್ತದೆ, ಜಾಲರಿ ಬಟ್ಟೆ ಪಾದವನ್ನು ಹಿಡಿದು ನಿಲ್ಲಿಸುವುದಿಲ್ಲ, ಪಾದ ಹೊರಬದಿಗೆ ಮಗುಚಿಕೊಳ್ಳುತ್ತದೆ. ಕಂಪನಿ ಎಷ್ಟೇ ಒಳ್ಳೆಯದಾಗಿರಲಿ, ಅದು ಈ ಕೆಲಸಕ್ಕೆ ಮಾಡಿದ ಶೂ ಅಲ್ಲ.

ಅಂಗಡಿಯಲ್ಲಿ ‘ನಾನ್-ಮಾರ್ಕಿಂಗ್ ಶೂ’ ಎಂದು ಕೇಳಿ, ಅಂದರೆ ಕೋರ್ಟಿನ ನೆಲದ ಮೇಲೆ ಗುರುತು ಬೀಳಿಸದ ಶೂ. ಸೋಲ್ ತಗ್ಗಾಗಿರಬೇಕು, ಗಮ್ ರಬ್ಬರಿನದ್ದಾಗಿರಬೇಕು, ಬದಿಗಳು ಗಟ್ಟಿಯಾಗಿರಬೇಕು. ಒಂದು ಕೈಯಲ್ಲಿ ಶೂವಿನ ಮೂತಿ, ಇನ್ನೊಂದರಲ್ಲಿ ಹಿಮ್ಮಡಿ ಹಿಡಿದು ಬಟ್ಟೆ ಹಿಂಡಿದಂತೆ ತಿರುಚಿ ನೋಡಿ. ಸುಲಭವಾಗಿ ತಿರುಚಿಕೊಂಡರೆ ವಾಪಸ್ ಇಡಿ. ಬೆರಳುಗಳ ಬಳಿ ಮಾತ್ರ ಬಗ್ಗಬೇಕು, ನಡುವೆ ಬಗ್ಗಬಾರದು. ಈ ಶೂ ಹಾಕಿಕೊಂಡು ರಸ್ತೆಯಲ್ಲಿ ಓಡಾಡಬೇಡಿ, ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಿ. ಸೋಲಿಗೆ ಧೂಳು ಮೆತ್ತಿದರೆ ಕೋರ್ಟಿನಲ್ಲಿ ಜಾರುತ್ತದೆ.

ಇನ್ನು ಜಿಮ್. ಮೂರನೇ ಜೊತೆ ಬೇಕಾಗಿಲ್ಲ, ಸಮಾಧಾನವಾಗಿರಿ. ಮೆತ್ತನೆ ಶೂ ಹಾಕಿಕೊಂಡು ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು) ಮಾಡುವುದೆಂದರೆ ಹಾಸಿಗೆ ಮೇಲೆ ನಿಂತು ಅಕ್ಕಿ ಮೂಟೆ ಎತ್ತಿದ ಹಾಗೆ. ಭಾರ ಎತ್ತುವಾಗ ಕಾಲ ಕೆಳಗೆ ಗಟ್ಟಿ ನೆಲ ಬೇಕು. ನಿಮ್ಮ ಬ್ಯಾಡ್ಮಿಂಟನ್ ಶೂ ತಗ್ಗಾಗಿ ಗಟ್ಟಿಯಾಗಿ ಇರುವುದರಿಂದ ಅದೇ ಸಾಕು. ಸೋಲ್ ಒರೆಸಿ ಮತ್ತೆ ಕೋರ್ಟಿಗೆ ಹಾಕಿ. ಶಾಲೆ ಮಕ್ಕಳ ಬಿಳಿ ಕ್ಯಾನ್ವಾಸ್ ಶೂ ಕೂಡ ನಡೆಯುತ್ತದೆ. ಹಿಮ್ಮಡಿ ಎತ್ತರವಾಗಿ ಗಟ್ಟಿಯಾಗಿರುವ ವೇಟ್‌ಲಿಫ್ಟಿಂಗ್ ಶೂ ಬರುತ್ತದಲ್ಲ, ಅದು ತುಂಬಾ ಭಾರ ಎತ್ತುವವರಿಗೆ ಸರಿ. ನಿಮಗೆ ಈಗ ಬೇಡ. ಜಿಮ್‌ನಲ್ಲಿ ಟ್ರೆಡ್‌ಮಿಲ್ ಹತ್ತಿದರೆ ಮಾತ್ರ ರನ್ನಿಂಗ್ ಶೂ.

ರನ್ನಿಂಗ್ ಶೂಗೂ ಆಯಸ್ಸು ಇದೆ. ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್. ವಾರಕ್ಕೆ 20 ಕಿಲೋಮೀಟರ್ ಓಡುವವರಿಗೆ ಆರರಿಂದ ಒಂಬತ್ತು ತಿಂಗಳು ಬರುತ್ತದೆ. ಕೆಳಗಿನ ರಬ್ಬರ್ ಇನ್ನೂ ಚೆನ್ನಾಗಿ ಕಂಡರೂ ಒಳಗಿನ ಫೋಮ್ ಸತ್ತಿರುತ್ತದೆ. ಅದೇ ಶೂನಲ್ಲಿ ಅದೇ ದಾರಿ ಓಡಿದರೂ ಮೊಣಕಾಲೋ ಮೀನಖಂಡವೋ ಹೊಸದಾಗಿ ನೋಯುತ್ತಿದ್ದರೆ ಮೊದಲು ಶೂ ನೋಡಿ.

ಅರಸು ರಸ್ತೆಗೆ ಶೂ ಕೊಳ್ಳಲು ಹೋಗುವುದಾದರೆ ಸಂಜೆ ಹೋಗಿ. ದಿನವಿಡೀ ನಿಂತು ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೇ ಆಗುತ್ತದೆ. ನೀವು ಹಾಕುವ ಸಾಕ್ಸ್ ಜೊತೆಗೆ ಒಯ್ಯಿರಿ. ಎರಡೂ ಶೂ ಹಾಕಿ, ಎದ್ದು ನಿಂತು ನೋಡಿ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಬೇಕು. ‘ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಸಾರ್’ ಎಂದರೆ ಕೇಳಬೇಡಿ, ಮೊದಲ ದಿನವೇ ಬಿಗಿಯಾದ ಶೂ ಕಾಲಿಗೆ ಬೊಬ್ಬೆ ತರಿಸುತ್ತದೆ. ಮತ್ತೆ, ಉಳುಕಿದ ಕಾಲು ಇನ್ನೂ ಊದಿದ್ದರೆ ಹೊಸ ಶೂ ಬಂತು ಎಂದು ಕೋರ್ಟಿಗೆ ಇಳಿಯಬೇಡಿ. ಮೊದಲು ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನನಗೆ 52 ವರ್ಷ, ಸಕ್ಕರೆ ಕಾಯಿಲೆ ಇದೆ. ದಿನಾ ವಾಕಿಂಗ್ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಸೀರೆ ಉಟ್ಟು ಚಪ್ಪಲಿಯಲ್ಲೇ ನಡೆಯುತ್ತೇನೆ. ಟ್ರ್ಯಾಕ್ ಪ್ಯಾಂಟ್ ತಗೋ ಎನ್ನುತ್ತಾಳೆ ಮಗಳು. ನನಗೆ ಮುಜುಗರ.
— ಓದುಗರು, ಮಂಡ್ಯ

ಉತ್ತರ: ಅಮ್ಮಾ, ಟ್ರ್ಯಾಕ್ ಪ್ಯಾಂಟ್ ಇಲ್ಲದೆ ನಡೆಯಬಹುದು. ಶೂ ಇಲ್ಲದೆ ಮಾತ್ರ ನಡೆಯಬೇಡಿ. ಸಕ್ಕರೆ ಕಾಯಿಲೆ ಇರುವವರಿಗೆ ವರ್ಷ ಕಳೆದಂತೆ ಪಾದದ ಸ್ಪರ್ಶ ಕಡಿಮೆಯಾಗಬಹುದು. ಕಲ್ಲು ಚುಚ್ಚಿದ್ದು, ಬಾರು ಉಜ್ಜಿ ಚರ್ಮ ಕಿತ್ತದ್ದು ಗೊತ್ತೇ ಆಗುವುದಿಲ್ಲ, ಆದ ಗಾಯ ಬೇಗ ಮಾಯುವುದೂ ಇಲ್ಲ. ಮುಂಭಾಗ ಅಗಲವಾಗಿರುವ, ಒಳಗೆ ಹೊಲಿಗೆ ಚುಚ್ಚದ ಶೂ ತಗೊಳ್ಳಿ. ಕಾಲಿಗೆ ಬಿಳಿ ಸಾಕ್ಸ್ ಹಾಕಿ, ರಕ್ತವೋ ಕೀವೋ ಬಂದರೆ ತಕ್ಷಣ ಕಾಣುತ್ತದೆ. ಶೂ ಹಾಕುವ ಮುಂಚೆ ಕೈ ಒಳಗೆ ಹಾಕಿ ಕಲ್ಲು ಗಿಲ್ಲು ಇದೆಯಾ ನೋಡಿ. ಮನೆಗೆ ಬಂದ ಮೇಲೆ ಅಂಗಾಲು, ಬೆರಳ ಸಂದು ಎಲ್ಲ ನೋಡಿಕೊಳ್ಳಿ, ಬಗ್ಗಲು ಆಗದಿದ್ದರೆ ಮಗಳ ಹತ್ತಿರ ನೋಡಿಸಿ. ಕೆಲವು ಪಾರ್ಕ್‌ಗಳಲ್ಲಿ ಬರಿಗಾಲಲ್ಲಿ ನಡೆಯಲು ಕಲ್ಲು ಹಾಸಿರುತ್ತಾರಲ್ಲ, ಯಾರು ಎಷ್ಟೇ ಒಳ್ಳೆಯದೆಂದರೂ ನೀವು ಅದರ ಮೇಲೆ ಕಾಲಿಡಬೇಡಿ.

ಸೀರೆಯಲ್ಲಿ ನಡೆಯುವುದಾದರೆ ನೆರಿಗೆಯನ್ನು ಕಣಕಾಲಿನ ಮೇಲಕ್ಕೆ ಎತ್ತಿ ಉಡಿ, ಜೋರಾಗಿ ನಡೆದರೆ ಅಂಚು ಶೂಗೆ ಸಿಕ್ಕಿಕೊಳ್ಳುತ್ತದೆ. ಚೂಡಿದಾರ್ ಅಭ್ಯಾಸವಿದ್ದರೆ ಇನ್ನೂ ಸಲೀಸು, ದುಪ್ಪಟ್ಟಾ ಸೊಂಟಕ್ಕೆ ಕಟ್ಟಿಕೊಳ್ಳಿ. ಸೀರೆಗೆ ಶೂ ಹಾಕಿದರೆ ಜನ ನೋಡುತ್ತಾರೆ ಎಂದು ಹಿಂಜರಿಯಬೇಡಿ, ನಿಮ್ಮ ಪಾದ ಮುಖ್ಯ. ಬೆಳಿಗ್ಗೆ ಕತ್ತಲಿರುವಾಗ ರಸ್ತೆಯಲ್ಲಿ ನಡೆಯುವುದಾದರೆ ತಿಳಿ ಬಣ್ಣದ ಬಟ್ಟೆ ಇರಲಿ, ಎದುರಿಂದ ಗಾಡಿ ಬರುವ ಬದಿಯಲ್ಲಿ ನಡೆಯಿರಿ.

ಪ್ರಶ್ನೆ: ಪೊಲೀಸ್ ಕೆಲಸಕ್ಕೆ ಓಟದ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಓಡುವಾಗ ಎದೆ ನೋಯುತ್ತದೆ. ಒಂದರ ಮೇಲೊಂದು ಎರಡು ಬ್ರಾ ಹಾಕಿಕೊಳ್ಳುತ್ತೇನೆ, ಉಸಿರು ಕಟ್ಟಿದ ಹಾಗಾಗುತ್ತದೆ. ಮನೆಯಲ್ಲಿ ಕೇಳಲು ನಾಚಿಕೆ.
— ವಿದ್ಯಾರ್ಥಿನಿ, ಮದ್ದೂರು

ಉತ್ತರ: ತಂಗಿ, ಬರೆದು ಕೇಳಿದ್ದು ಒಳ್ಳೆಯದಾಯಿತು. ಸ್ತನದ ಒಳಗೆ ಅದನ್ನು ಎತ್ತಿ ಹಿಡಿಯುವ ಮಾಂಸಖಂಡ ಇಲ್ಲ. ಚರ್ಮ ಮತ್ತು ತೆಳು ನಾರುಗಳೇ ಹಿಡಿದಿಡಬೇಕು. ಓಡುವಾಗ ಮೇಲೆ ಕೆಳಗೆ ಮಾತ್ರವಲ್ಲ, ಅಕ್ಕಪಕ್ಕಕ್ಕೂ ಅಲುಗುವುದರಿಂದ ಜಗ್ಗಿ ನೋಯುತ್ತದೆ. ಇದೇ ತೊಂದರೆ ಅನುಭವಿಸಿದ ಲೀಸಾ ಲಿಂಡಾಲ್ ಎಂಬ ಓಟಗಾರ್ತಿ 1977ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಇನ್ನಿಬ್ಬರು ಹೆಂಗಸರ ಜೊತೆ ಸೇರಿ ಮೊದಲ ಸ್ಪೋರ್ಟ್ಸ್ ಬ್ರಾ ಮಾಡಿದರು. ಗಂಡಸರು ಆಟಕ್ಕೆ ಹಾಕುವ ಎರಡು ಸಪೋರ್ಟರ್‌ಗಳನ್ನು ಜೋಡಿಸಿ ಹೊಲಿದದ್ದು ಅದರ ಮೊದಲ ಮಾದರಿ. ಅಂದರೆ ನಿಮ್ಮಂಥ ಓಟಗಾರ್ತಿಯರಿಗೆಂದೇ ಹುಟ್ಟಿದ ಬಟ್ಟೆ ಅದು, ಕೇಳಲು ನಾಚಿಕೆ ಬೇಡ.

ಅಂಗಡಿಯಲ್ಲಿ ‘ಹೈ ಇಂಪ್ಯಾಕ್ಟ್’ ಎಂದು ಕೇಳಿ. ‘ಲೋ ಇಂಪ್ಯಾಕ್ಟ್’ ಎಂದು ಬರೆದಿರುವುದು ಯೋಗಕ್ಕೆ, ನಡಿಗೆಗೆ. ಎದೆ ಸ್ವಲ್ಪ ತುಂಬಿಕೊಂಡಿದ್ದರೆ ಒಟ್ಟಿಗೆ ಅದುಮುವುದಕ್ಕಿಂತ ಎರಡು ಬೇರೆ ಬೇರೆ ಕಪ್ ಇರುವುದು ಚೆನ್ನಾಗಿ ಹಿಡಿಯುತ್ತದೆ. ಹಿಡಿತ ಬರಬೇಕಾದ್ದು ಭುಜದ ಪಟ್ಟಿಯಿಂದಲ್ಲ, ಎದೆ ಕೆಳಗಿನ ಪಟ್ಟಿಯಿಂದ. ಅದರೊಳಗೆ ಎರಡು ಬೆರಳು ತೂರಬೇಕು, ಜಾಸ್ತಿ ಸಡಿಲ ಬೇಡ. ಕೈ ಮೇಲೆತ್ತಿದಾಗ ಪಟ್ಟಿ ಮೇಲೇರಬಾರದು. ಟ್ರಯಲ್ ರೂಮಿನಲ್ಲಿ ನಿಂತಲ್ಲೇ ಹತ್ತು ಸಲ ಕುಪ್ಪಳಿಸಿ, ಉದ್ದಕ್ಕೆ ಉಸಿರೆಳೆದು ನೋಡಿ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಟೀ ಶರ್ಟು ಹಳೆಯದೇ ಇರಲಿ, ಇದಕ್ಕೆ ಮತ್ತು ಶೂಗೆ ಹಾಕಿ. ಓಡದೆ ಇರುವಾಗಲೂ ನೋವು ಇದ್ದರೆ, ಗಂಟು ಸಿಕ್ಕಿದರೆ ಡಾಕ್ಟರ ಬಳಿ ಹೋಗಿ.

ಪ್ರಶ್ನೆ: ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯುತ್ತೇವೆ. ನನ್ನ ಹೆಬ್ಬೆರಳ ಉಗುರು ಕಪ್ಪಾಗಿದೆ.
— ಓದುಗರು, ನಂಜುಮಳಿಗೆ, ಮೈಸೂರು

ಉತ್ತರ: ಹತ್ತುವಾಗ ಅಲ್ಲ, ಇಳಿಯುವಾಗ ಆಗಿರುವುದು. ಸಾವಿರ ಮೆಟ್ಟಿಲು ಇಳಿಯುವಾಗ ಪಾದ ಮುಂದಕ್ಕೆ ಜಾರಿ ಪ್ರತಿ ಸಲ ಬೆರಳು ಶೂಗೆ ಗುದ್ದುತ್ತದೆ. ಉಗುರು ಕತ್ತರಿಸಿ. ಇಳಿಯುವ ಮುಂಚೆ ಲೇಸ್ ಬಿಚ್ಚಿ, ಕಣಕಾಲಿನ ಹತ್ತಿರದ ಕೊನೆ ತೂತಿಗೂ ಏರಿಸಿ ಬಿಗಿಯಾಗಿ ಕಟ್ಟಿ, ಹಿಮ್ಮಡಿ ಹಿಂದಕ್ಕೆ ಕೂತಿರುತ್ತದೆ. ಸೋಲಿನ ಗೀರುಗಳು ಸವೆಯದೆ ಚೆನ್ನಾಗಿರಲಿ, ಸವೆದ ಕಲ್ಲು ಮಳೆಯಲ್ಲಿ ತುಂಬಾ ಜಾರುತ್ತದೆ. ಹರಕೆ ಹೊತ್ತು ಬರಿಗಾಲಲ್ಲಿ ಹತ್ತುವವರು ಬಿಸಿಲೇರುವ ಮುಂಚೆ ಹತ್ತಿ ಇಳಿದುಬಿಡಿ.

ಪ್ರಶ್ನೆ: ಗೋಕುಲಂನಲ್ಲಿ ಯೋಗ ತರಗತಿಗೆ ಸೇರಿದ್ದೇನೆ. ದುಬಾರಿ ಯೋಗ ಪ್ಯಾಂಟ್ ಬೇಕೇ ಬೇಕಾ?
— ಓದುಗರು, ವಿಜಯನಗರ, ಮೈಸೂರು

ಉತ್ತರ: ಬೇಡ. ಸರ್ವಾಂಗಾಸನದಲ್ಲಿ ಅಂಗಿ ಮುಖದ ಮೇಲೆ ಬೀಳದಂತೆ ಮೈಗೆ ಅಂಟುವ ಟೀ ಶರ್ಟು, ಬಗ್ಗಿದರೆ ಹಿಗ್ಗುವ ಪ್ಯಾಂಟು, ಅಷ್ಟೇ. ನಿಧಾನದ ಆಸನಗಳಿಗೆ ಹತ್ತಿ ಬಟ್ಟೆ ಹಾಯಾಗಿರುತ್ತದೆ. ಒಂದಾದ ಮೇಲೊಂದು ಬಿಡುವಿಲ್ಲದೆ ಮಾಡಿಸುವ ಅಷ್ಟಾಂಗದಂಥ ತರಗತಿಯಾದರೆ ಹತ್ತಿ ಬೆವರು ಹೀರಿ ಒದ್ದೆ ಮುದ್ದೆಯಾಗುತ್ತದೆ, ಆಗ ಪಾಲಿಸ್ಟರ್ ಡ್ರೈ ಫಿಟ್ ಬಟ್ಟೆ ವಾಸಿ. ಸಾಕ್ಸ್ ಬಿಚ್ಚಿಡಿ, ಮ್ಯಾಟ್ ಮೇಲೆ ಜಾರುತ್ತದೆ.

ಪ್ರಶ್ನೆ: ಡ್ರೈ ಫಿಟ್ ಟೀ ಶರ್ಟು ಒಗೆದರೂ ವಾಸನೆ ಹೋಗುವುದಿಲ್ಲ.
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಕಂಫರ್ಟ್‌ನಂಥ ಫ್ಯಾಬ್ರಿಕ್ ಕಂಡಿಷನರ್ ಹಾಕುತ್ತಿದ್ದರೆ ನಿಲ್ಲಿಸಿ. ಅದರ ಪದರ ಎಳೆಗಳ ಮೇಲೆ ಕೂತು ಬೆವರು ಎಳೆಯುವ ಗುಣವನ್ನೇ ಕೆಡಿಸುತ್ತದೆ. ಬೆವರಿದ ಬಟ್ಟೆಯನ್ನು ಬ್ಯಾಗಿನಲ್ಲಿ ಮುದುರಿ ಇಡದೆ ಬಂದ ಕೂಡಲೇ ನೀರಿಗೆ ಹಾಕಿ, ಒಳಮೈ ಹೊರಗೆ ಮಾಡಿ ಒಗೆಯಿರಿ. ಒದ್ದೆ ಶೂ ಮಾತ್ರ ಸುಡು ಬಿಸಿಲಿಗೆ ಇಡಬೇಡಿ, ಅಂಟು ಬಿಡುತ್ತದೆ. ಒಳಗಿನ ಅಟ್ಟೆ ತೆಗೆದು, ಹಳೆ ಪೇಪರ್ ತುರುಕಿ, ನೆರಳಲ್ಲಿ ಗಾಳಿಯಾಡುವ ಕಡೆ ಇಡಿ. ಪೇಪರ್ ಒದ್ದೆಯಾದಾಗ ಬದಲಾಯಿಸುತ್ತಿರಿ.