ಮೇಲೆ ಹೋದರೆ ಪ್ರಿಂಟರ್ ಕಾಣುತ್ತೆ, ಕೆಳಗೆ ಬಂದರೆ ಇಲ್ಲ: ಏನು ಮಾಡಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮಹಡಿ ಮೇಲೆ ವಿಂಡೋಸ್ 10 ಇರುವ ಡೆಸ್ಕ್‌ಟಾಪ್, ಅದಕ್ಕೆ ಯುಎಸ್‌ಬಿ ಕೇಬಲ್‌ನಲ್ಲಿ ಹಾಕಿದ ಹಳೇ ಲೇಸರ್ ಪ್ರಿಂಟರ್. ಕೆಳಗೆ ವಿಂಡೋಸ್ 11 ಲ್ಯಾಪ್‌ಟಾಪ್. ಪ್ರಿಂಟರ್ ಶೇರ್ ಮಾಡಿದ್ದೀರಿ. ಆದರೂ ಒಮ್ಮೊಮ್ಮೆ ಡೆಸ್ಕ್‌ಟಾಪೇ ಕಾಣುವುದಿಲ್ಲ. ಕಂಡಾಗ ಪಾಸ್‌ವರ್ಡ್ ಕೇಳುತ್ತದೆ, ದಿನಾ ಒತ್ತುವ ಪಿನ್ ಕೊಟ್ಟರೆ ತಪ್ಪು ಅನ್ನುತ್ತದೆ. ನಿನ್ನೆ ಮಗಳ ಅಕೌಂಟಿನ ಪಾಸ್‌ವರ್ಡ್ ಹಾಕಿ ಅದನ್ನೂ ದಾಟಿದರೆ, ಕೊನೆಯಲ್ಲಿ 11ಬಿ ಎಂದಿರುವ ಎರರ್ ಬಂತು. ಇಷ್ಟರಲ್ಲಿ ಡ್ರೈವರನ್ನು ಮೂರು ಸಲ ಕಿತ್ತು ಮೂರು ಸಲ ಹಾಕಿದ್ದೀರಿ.

ಡ್ರೈವರ್ ತಂಟೆಗೆ ಸದ್ಯ ಹೋಗಬೇಡಿ. ಡೆಸ್ಕ್‌ಟಾಪ್‌ನಿಂದ ಟೆಸ್ಟ್ ಪೇಜ್ ಬರುತ್ತಿದೆ ಅಂದಮೇಲೆ ಪ್ರಿಂಟರ್, ಕೇಬಲ್, ಅಲ್ಲಿನ ಡ್ರೈವರ್ ಮೂರೂ ನೆಟ್ಟಗಿವೆ. ಗಲಾಟೆ ಎಲ್ಲ ಎರಡು ಕಂಪ್ಯೂಟರ್‌ಗಳ ನಡುವೆ.

ಪ್ರಶ್ನೆಯ ಕೊನೆಯಲ್ಲಿ ನೀವು ಸುಮ್ಮನೆ ಒಂದು ಸಾಲು ಸೇರಿಸಿದ್ದೀರಿ, ಲ್ಯಾಪ್‌ಟಾಪ್ ಎತ್ತಿಕೊಂಡು ಮೇಲೆ ಹೋದರೆ ಎಲ್ಲಾ ಕಾಣುತ್ತದೆ ಅಂತ. ನನಗೆ ಅನುಮಾನ ಬಂದದ್ದು ಅದರಿಂದಲೇ. ನಮ್ಮ ಮಾವನವರ ಮನೆಯಲ್ಲೂ ಥೇಟ್ ಇದೇ ಕಥೆ. ಅವರು ವಕೀಲರು, ಕೆಳಗೆ ಆಫೀಸು, ಮೇಲೆ ಮನೆ. ಫೈಬರ್ ಹಾಕಲು ಬಂದವರು ಕೆಳಗೆ ಒಂದು ಡಬ್ಬಿ (ಅದೂ ಒಂದು ರೂಟರೇ) ಕೂರಿಸಿ ಹೋದರು. ಮಹಡಿಗೆ ವೈಫೈ ಸರಿಯಾಗಿ ಬರುತ್ತಿಲ್ಲ ಅಂತ ಬಾಮೈದ ಅಟ್ಟದಲ್ಲಿದ್ದ ಹಳೇ ರೂಟರ್ ಇಳಿಸಿ, ಕೆಳಗಿಂದ ಕೇಬಲ್ ಎಳೆದು ಅದರ ವಾನ್ ಪೋರ್ಟ್‌ಗೆ, ಅಂದರೆ ಹೊರಗಿನ ಇಂಟರ್ನೆಟ್ ಬರುವ ತೂತಿಗೆ, ಚುಚ್ಚಿ, ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟ. ಇಂಟರ್ನೆಟ್ ಎರಡೂ ಕಡೆ ಬರುತ್ತಿದ್ದದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಪ್ರಿಂಟ್ ಬೇಕಾದಾಗ ಮಾವ ವಾಟ್ಸ್‌ಆ್ಯಪ್‌ನಲ್ಲಿ ಪಿಡಿಎಫ್ ಮೇಲಕ್ಕೆ ಕಳಿಸಿ, ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದರು. ನಾನು ಎರಡು ದಿನ ಪ್ರಿಂಟರಿನ ಜೊತೆ ಗುದ್ದಾಡಿದ ಮೇಲೆ ರೂಟರ್ ಕಡೆ ನೋಡಿದೆ.

ಹೀಗೆ ಜೋಡಿಸಿದಾಗ ಮೇಲಿನ ರೂಟರ್ ತನ್ನದೇ ಬೇರೆ ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ. ಕೆಳಗಿನವರಿಗೆ 192.168.1 ಎಂದು ಶುರುವಾಗುವ ವಿಳಾಸ, ಮೇಲಿನವರಿಗೆ 192.168.0. ಮೇಲಿನ ಯಂತ್ರಗಳು ಕೆಳಗಿನವನ್ನು ಮುಟ್ಟಬಲ್ಲವು. ಆದರೆ ಕೆಳಗಿನಿಂದ ಬಂದ ಕರೆಯನ್ನು ಮೇಲಿನ ರೂಟರ್ ಹೊರಗಿನ ಇಂಟರ್ನೆಟ್‌ನಿಂದ ಬಂದದ್ದು ಎಂದೇ ತಿಳಿದು ಬಾಗಿಲಲ್ಲೇ ತಡೆಯುತ್ತದೆ. ನಿಮ್ಮ ಡೆಸ್ಕ್‌ಟಾಪ್ ಮೇಲಿದೆ, ಲ್ಯಾಪ್‌ಟಾಪ್ ಯಾವ ಸಿಗ್ನಲ್ ಜೋರಾಗಿದೆಯೋ ಅದನ್ನು ಹಿಡಿಯುತ್ತದೆ. ಅದಕ್ಕೇ ಈ ಕಣ್ಣಾಮುಚ್ಚಾಲೆ.

ಖಾತ್ರಿ ಮಾಡಿಕೊಳ್ಳಲು ಎರಡು ನಿಮಿಷ ಸಾಕು. ಲ್ಯಾಪ್‌ಟಾಪ್ ಕೆಳಗೇ ಇರಲಿ. ಎರಡರಲ್ಲೂ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಎಂದು ಟೈಪ್ ಮಾಡಿ, ಡೀಫಾಲ್ಟ್ ಗೇಟ್‌ವೇ ಎಂಬ ಸಾಲು ನೋಡಿ, ಅದು ಆ ಕಂಪ್ಯೂಟರ್ ಹಿಡಿದಿರುವ ರೂಟರಿನ ವಿಳಾಸ. ಎರಡೂ ಕಡೆ ಬೇರೆ ಬೇರೆ ಇದ್ದರೆ ಇದೇ ರೋಗ.

ಔಷಧಿ ಏನೆಂದರೆ, ಮೇಲಿನ ರೂಟರ್‌ಗೆ ರೂಟರ್ ಕೆಲಸ ಬಿಡಿಸಿ ಬರೀ ವೈಫೈ ಹಂಚುವ ಕೆಲಸ ಕೊಡುವುದು. ಅದರ ಸೆಟ್ಟಿಂಗ್‌ನಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನು ಆರಿಸಿದರೆ ಮುಗಿಯಿತು. ಇಲ್ಲದಿದ್ದರೆ ಮೊದಲು ವಾನ್ ಪೋರ್ಟ್‌ನ ಕೇಬಲ್ ಕಿತ್ತುಬಿಡಿ. ರೂಟರಿನ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ವಿಳಾಸವನ್ನು 192.168.1.2 ಥರ, ಕೆಳಗಿನ ಡಬ್ಬಿ ಯಾರಿಗೂ ಹಂಚದ ಒಂದು ಸಂಖ್ಯೆಗೆ ಬದಲಿಸಿ. ಆ ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ ಡಿಎಚ್‌ಸಿಪಿ, ಅಂದರೆ ಯಂತ್ರಗಳಿಗೆ ವಿಳಾಸ ಹಂಚುವ ಕೆಲಸ, ಆಫ್ ಮಾಡಿ. ಆಮೇಲೆ ಕಿತ್ತ ಕೇಬಲನ್ನು ಲ್ಯಾನ್ ಪೋರ್ಟ್‌ಗೆ ಹಾಕಿ, ವಾನ್ ಖಾಲಿ ಬಿಡಿ. ಇದನ್ನು ಡೆಸ್ಕ್‌ಟಾಪ್‌ನಿಂದ ತಂತಿ ಹಾಕಿಕೊಂಡೇ ಮಾಡಿ, ವೈಫೈಯಲ್ಲಿ ಮಾಡಲು ಹೋದರೆ ನಡುವೆ ಕೈಕೊಡುತ್ತದೆ. ಹಾಗೆಯೇ ಲ್ಯಾಪ್‌ಟಾಪ್ ಗೆಸ್ಟ್ ವೈಫೈಗೆ ಸೇರಿಲ್ಲ ತಾನೇ ಅಂತ ಒಮ್ಮೆ ನೋಡಿ. ಗೆಸ್ಟ್ ಇರುವುದೇ ಮನೆಯ ಉಳಿದ ಯಂತ್ರಗಳಿಂದ ಬೇರೆ ಇಡಲು.

ನೆಟ್‌ವರ್ಕ್ ಬದಲಾದ ಮೇಲೆ ವಿಂಡೋಸ್ ಅದನ್ನು ಅಪರಿಚಿತ ಜಾಗ ಎಂದುಕೊಂಡು ಪಬ್ಲಿಕ್ ಎಂದು ಗುರುತು ಹಾಕಬಹುದು. ಎರಡರಲ್ಲೂ ಪ್ರೈವೇಟ್ ಮಾಡಿ, ಡೆಸ್ಕ್‌ಟಾಪ್‌ನಲ್ಲಿ ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್ ಆನ್ ಇದೆಯೇ ನೋಡಿ. ಹಳೆಯ ಯೂಟ್ಯೂಬ್ ವಿಡಿಯೋಗಳು ಹೋಮ್‌ಗ್ರೂಪ್ (ಮನೆಯ ಕಂಪ್ಯೂಟರ್‌ಗಳ ನಡುವೆ ಹಂಚಿಕೊಳ್ಳಲು ವಿಂಡೋಸ್‌ನಲ್ಲಿದ್ದ ಸೌಲಭ್ಯ) ಮಾಡಿ ಅನ್ನುತ್ತವೆ. ಅದನ್ನು 2018ರಲ್ಲೇ ತೆಗೆದುಹಾಕಿದ್ದಾರೆ, ಹುಡುಕಬೇಡಿ. ಈಗ ಲ್ಯಾಪ್‌ಟಾಪ್‌ನ ರನ್ ಪೆಟ್ಟಿಗೆಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಡೆಸ್ಕ್‌ಟಾಪ್‌ನ ಐಪಿ ವಿಳಾಸ ಕೊಡಿ. ಪಾಸ್‌ವರ್ಡ್ ಕೇಳಿದರೆ ಸಂತೋಷಪಡಿ, ದಾರಿ ತೆರೆದಿದೆ ಎಂದರ್ಥ. ಇನ್ನೊಂದು ಯಂತ್ರ ಸಿಗುತ್ತದೆಯೇ ಎಂದು ನೋಡುವ ಪಿಂಗ್ ಹೊಡೆದು ಉತ್ತರ ಬರಲಿಲ್ಲ ಅಂತ ಕೈಚೆಲ್ಲಬೇಡಿ, ವಿಂಡೋಸ್ ಫೈರ್‌ವಾಲ್ ಎಷ್ಟೋ ಸಲ ಪಿಂಗನ್ನೇ ತಡೆದಿರುತ್ತದೆ.

ಇನ್ನು ಪಿನ್. ಪಿನ್ ಆ ಒಂದು ಯಂತ್ರದ ಎದುರು ಕೂತವರಿಗೆ ಮಾತ್ರ, ನೆಟ್‌ವರ್ಕ್ ಮೂಲಕ ನಡೆಯುವುದಿಲ್ಲ. ಮೈಕ್ರೋಸಾಫ್ಟ್ ಅಕೌಂಟ್ ಇದ್ದರೆ ಇಮೇಲ್ ಮತ್ತು ಅದರ ನಿಜವಾದ ಪಾಸ್‌ವರ್ಡ್ ಬೇಕು. ಅದನ್ನು ನೆನಪಿಟ್ಟವರನ್ನು ನಾನಂತೂ ನೋಡಿಲ್ಲ. ಅದಕ್ಕೇ ನಾನು ಡೆಸ್ಕ್‌ಟಾಪ್‌ನಲ್ಲಿ ಬರೀ ಪ್ರಿಂಟ್‌ಗೆಂದು ಒಂದು ಲೋಕಲ್ ಅಕೌಂಟ್ ತೆರೆದು, ಪಾಸ್‌ವರ್ಡ್ ಇಟ್ಟು, ಲ್ಯಾಪ್‌ಟಾಪ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ (ವಿಂಡೋಸ್ ಪಾಸ್‌ವರ್ಡ್‌ಗಳನ್ನು ನೆನಪಿಡುವ ಜಾಗ) ಸೇರಿಸಿಬಿಡುತ್ತೇನೆ. ಯೂಸರ್‌ನೇಮ್ ಜಾಗದಲ್ಲಿ ಡೆಸ್ಕ್‌ಟಾಪ್‌ನ ಹೆಸರು, ಬ್ಯಾಕ್‌ಸ್ಲ್ಯಾಶ್, ಆಮೇಲೆ ಆ ಅಕೌಂಟಿನ ಹೆಸರು. ಪಾಸ್‌ವರ್ಡ್ ರಕ್ಷಣೆಯನ್ನೇ ಆಫ್ ಮಾಡಿ ಅನ್ನುವವರ ಮಾತು ಕೇಳಬೇಡಿ.

ಕೊನೆಗೆ 11ಬಿ. 2021ರಲ್ಲಿ ವಿಂಡೋಸ್‌ನ ಪ್ರಿಂಟ್ ವ್ಯವಸ್ಥೆಯಲ್ಲಿ ಭದ್ರತೆಯ ದೊಡ್ಡ ದೊಡ್ಡ ತೂತುಗಳು ಸಿಕ್ಕಿದವು. ಅವುಗಳಲ್ಲೊಂದನ್ನು ಮುಚ್ಚಲು ಆ ವರ್ಷ ಸೆಪ್ಟೆಂಬರ್‌ನ ಅಪ್‌ಡೇಟ್ ಎರಡು ಕಂಪ್ಯೂಟರ್‌ಗಳ ನಡುವಿನ ಪ್ರಿಂಟ್ ಮಾತುಕತೆಗೆ ಬಿಗಿ ನಿಯಮ ತಂದಿತು. ಒಂದು ಕಡೆ ಅಪ್‌ಡೇಟ್ ಆಗಿ ಇನ್ನೊಂದು ಕಡೆ ಆಗಿಲ್ಲದಿದ್ದರೆ ಈ ಎರರ್ ಬರಬಹುದು, ಆದ್ದರಿಂದ ಮೊದಲು ಡೆಸ್ಕ್‌ಟಾಪ್‌ನಲ್ಲಿ ಬಾಕಿ ಇರುವ ಅಪ್‌ಡೇಟ್‌ಗಳನ್ನೆಲ್ಲ ಹಾಕಿ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಅಲ್ಲಿವರೆಗಿನದಾದರೂ ಇರಲಿ. ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಒಳ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಒಂದು ಮೌಲ್ಯವನ್ನು ಸೊನ್ನೆ ಮಾಡಿ ಅನ್ನುವ ಉಪಾಯ ಎಲ್ಲ ಕಡೆ ಸಿಗುತ್ತದೆ. ಕೆಲಸ ಮಾಡುತ್ತದೆ ನಿಜ, ಆದರೆ ಮುಚ್ಚಿದ ತೂತನ್ನು ನಾವೇ ತೆರೆದ ಹಾಗೆ.

ಅದಕ್ಕಿಂತ ಹೀಗೆ ಮಾಡಿ. ಡೆಸ್ಕ್‌ಟಾಪ್‌ನಲ್ಲಿ ಪ್ರಿಂಟರ್‌ನ ಶೇರ್ ಹೆಸರನ್ನು ಚಿಕ್ಕದಾಗಿ, ಸ್ಪೇಸ್ ಇಲ್ಲದೆ ಇಡಿ. ಲ್ಯಾಪ್‌ಟಾಪ್‌ನಲ್ಲಿ ಪ್ರಿಂಟರ್ ಸೇರಿಸುವಾಗ ನೆಟ್‌ವರ್ಕ್ ಪ್ರಿಂಟರ್ ಅನ್ನದೆ, ಮ್ಯಾನುಯಲ್ ಸೆಟ್ಟಿಂಗ್‌ನ ಲೋಕಲ್ ಪ್ರಿಂಟರ್ ಆರಿಸಿ. ಹೊಸ ಪೋರ್ಟ್, ಬಗೆ ಲೋಕಲ್ ಪೋರ್ಟ್. ಪೋರ್ಟ್‌ನ ಹೆಸರಾಗಿ ಎರಡು ಬ್ಯಾಕ್‌ಸ್ಲ್ಯಾಶ್, ಡೆಸ್ಕ್‌ಟಾಪ್‌ನ ಹೆಸರು, ಒಂದು ಬ್ಯಾಕ್‌ಸ್ಲ್ಯಾಶ್, ಶೇರ್ ಹೆಸರು. ಆಮೇಲೆ ಡ್ರೈವರನ್ನು ಲ್ಯಾಪ್‌ಟಾಪ್‌ನಲ್ಲೇ ಹಾಕಿ. ನೀವು ಮೂರು ಸಲ ಹಾಕಿದ ಡ್ರೈವರ್ ಬೇಕಾಗುವುದು ಈಗ! ಇದರಲ್ಲಿ ಲ್ಯಾಪ್‌ಟಾಪ್ ಡೆಸ್ಕ್‌ಟಾಪ್‌ನಿಂದ ಡ್ರೈವರ್ ಬೇಡುವುದಿಲ್ಲ, ತಯಾರಾದ ಪ್ರಿಂಟನ್ನು ಅಲ್ಲಿಗೆ ತಲುಪಿಸುತ್ತದೆ ಅಷ್ಟೆ. ಮಾವನ ಮನೆಯಲ್ಲಿ ನಡೆಯುತ್ತಿರುವುದು ಇದೇ.

ಪೋರ್ಟ್‌ನಲ್ಲಿ ಐಪಿ ಬದಲು ಹೆಸರು ಕೊಡಿ ಎಂದದ್ದಕ್ಕೆ ಕಾರಣ ಕರೆಂಟು. ಕರೆಂಟ್ ಹೋಗಿ ಬಂದಾಗ ರೂಟರ್ ವಿಳಾಸಗಳನ್ನು ಹೊಸದಾಗಿ ಹಂಚಿದರೆ, ನಿನ್ನೆ ಡೆಸ್ಕ್‌ಟಾಪ್‌ನದಾಗಿದ್ದ ಸಂಖ್ಯೆ ಇವತ್ತು ಟಿವಿಯದಾಗಿರಬಹುದು. ಐಪಿಯೇ ಬೇಕಿದ್ದರೆ ಕೆಳಗಿನ ಡಬ್ಬಿಯಲ್ಲಿ ಆ ವಿಳಾಸವನ್ನು ಡೆಸ್ಕ್‌ಟಾಪ್‌ಗೆ ರಿಸರ್ವ್ ಮಾಡಿ. ಡೆಸ್ಕ್‌ಟಾಪ್ ನಿದ್ದೆ ಹೋದರೂ ಪ್ರಿಂಟ್ ಬರುವುದಿಲ್ಲ, ಸ್ಲೀಪನ್ನು ನೆವರ್ ಮಾಡಿ.

ಮೊದಲು ಆ ಎರಡು ಗೇಟ್‌ವೇ ಸಂಖ್ಯೆ ನೋಡಿ ಇಲ್ಲೇ ಬರೆಯಿರಿ. ಎರಡೂ ಒಂದೇ ಬಂದರೆ ನನ್ನ ಅನುಮಾನ ತಪ್ಪು, ಬೇರೆ ಕಡೆ ಹುಡುಕೋಣ.