ಇಮೇಲ್ ಲಿಂಕ್ ಒತ್ತಿದರೆ ಜಿಮೇಲೇ ತೆರೆಯಬೇಕು!

ಪ್ರಶ್ನೆ: ಮೇಡಂ, ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ನಮ್ಮದು ಮದುವೆ ಕಾರ್ಡ್ ಅಂಗಡಿ. ಪೇಪರ್ ಡೀಲರ್‌ಗಳ ವೆಬ್‌ಸೈಟಿನಲ್ಲಿ ಇಮೇಲ್ ವಿಳಾಸ ಒತ್ತಿದರೆ ಯಾವುದೋ ಮೇಲ್ ಪ್ರೋಗ್ರಾಂ ಎದ್ದು ಬಂದು ‘ಖಾತೆ ಸೇರಿಸಿ’ ಅನ್ನುತ್ತದೆ. ನಾವು ಬಳಸುವುದು ಕ್ರೋಮ್‌ನಲ್ಲಿ ಜಿಮೇಲ್. ಏನು ಮಾಡಲಿ? ನಮ್ಮ ಆರ್ಡರ್ ನಂಬರ್‌ಗೂ ಇಂಥ ಸ್ವಂತ ಲಿಂಕ್ ಮಾಡಿ ಗಿರಾಕಿಗಳಿಗೆ ಕಳಿಸಬಹುದು ಅಂತಾನೆ ನನ್ನ ಅಳಿಯ. ನಿಜವಾ?

ಉತ್ತರ: ಅಳಿಯ ಹೇಳಿದ್ದು ಅರ್ಧ ನಿಜ. ಮೊದಲು ಜಿಮೇಲ್ ವಿಷಯ ಮುಗಿಸೋಣ.

ಆ ವಿಳಾಸದ ಮೇಲೆ ಮೌಸ್ ಇಟ್ಟು ಪರದೆಯ ಕೆಳಗಿನ ಎಡ ಮೂಲೆ ನೋಡಿ. ‘ಮೇಲ್‌ಟು’ ಅಂತ ಶುರುವಾಗಿ, ಒಂದು ಕೋಲನ್, ಆಮೇಲೆ ವಿಳಾಸ ಇರುತ್ತದೆ. ಕೋಲನ್‌ಗೆ ಮುಂಚಿನ ಆ ಪದ ನೋಡಿಯೇ ಬ್ರೌಸರ್ ಯಾರನ್ನು ಕರೆಯಬೇಕು ಅಂತ ತೀರ್ಮಾನಿಸುತ್ತದೆ. ಬೇರೆ ಏನೂ ಹೇಳದಿದ್ದರೆ ವಿಂಡೋಸ್‌ಗೆ ದಾಟಿಸಿ ಕೈತೊಳೆದುಕೊಳ್ಳುತ್ತದೆ.

ಕ್ರೋಮ್‌ನಲ್ಲಿ ಜಿಮೇಲ್ ತೆರೆಯಿರಿ. ಮೇಲಿನ ಅಡ್ರೆಸ್ ಬಾರ್‌ನ ಬಲತುದಿಯಲ್ಲಿ ಒಂದರ ಮೇಲೊಂದು ಕೂತ ಎರಡು ವಜ್ರದಾಕಾರದ ಗುರುತು ಕಾಣುತ್ತದೆ. ಒತ್ತಿ, ‘ಅಲೋ’ ಕೊಡಿ, ಅಷ್ಟೇ. ಗುರುತೇ ಇಲ್ಲವಾ? ಹಿಂದೆ ಯಾರೋ ಸುಮ್ನೆ ‘ಬ್ಲಾಕ್’ ಒತ್ತಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅಲ್ಲಿ ‘ಪ್ರೋಟೋಕಾಲ್ ಹ್ಯಾಂಡ್ಲರ್ಸ್’ ಹುಡುಕಿ. ಸೈಟುಗಳು ಕೇಳಬಹುದು ಅನ್ನುವ ಆಯ್ಕೆ ಆನ್ ಇರಲಿ. ತಡೆದ ಸೈಟುಗಳ ಪಟ್ಟಿಯಲ್ಲಿ ಜಿಮೇಲ್ ಇದ್ದರೆ ತೆಗೆದು, ಜಿಮೇಲ್ ಪುಟವನ್ನು ರಿಫ್ರೆಶ್ ಮಾಡಿ. ಫೈರ್‌ಫಾಕ್ಸ್ ಇಟ್ಟುಕೊಂಡವರಿಗೆ ಇನ್ನೂ ಸಲೀಸು: ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ ‘ಅಪ್ಲಿಕೇಶನ್ಸ್’ ಪಟ್ಟಿ ಇದೆ, ಮೇಲ್‌ಟು ಎದುರು ಜಿಮೇಲ್ ಆರಿಸಿ.

ಇದು ಬ್ರೌಸರ್ ಒಳಗಿನ ಮಾತು. ಎಕ್ಸೆಲ್ ಕೊಟೇಶನ್‌ನಲ್ಲಿರುವ ವಿಳಾಸ ಒತ್ತಿದರೆ ವಿಂಡೋಸ್ ಮತ್ತೆ ತನ್ನ ಹಳೇ ಪ್ರೋಗ್ರಾಮನ್ನೇ ಕರೆಯುತ್ತದೆ. ವಿಂಡೋಸ್‌ನ ‘ಡೀಫಾಲ್ಟ್ ಆ್ಯಪ್ಸ್’ಗೆ ಹೋಗಿ ಮೇಲ್‌ಟುಗೆ ಕ್ರೋಮ್ ಅಂತ ಇಟ್ಟುಬಿಡಿ.

ಹಾಂ, ಗೊತ್ತಿಲ್ಲದ ಸೈಟು ಇಂಥ ಅನುಮತಿ ಕೇಳಿದರೆ ಕೊಡಲೇಬೇಡಿ. ನೀವು ಒತ್ತಿದ ವಿಳಾಸ ಅದರ ಕೈಗೆ ಹೋಗುತ್ತದೆ, ಅಲ್ವಾ?

ಈಗ ಅಳಿಯನ ಐಡಿಯಾ. ವೆಬ್‌ಸೈಟು ಸ್ವಂತ ಹೆಸರಿನ ಲಿಂಕನ್ನು ನೋಂದಾಯಿಸಬಹುದು, ಅದಕ್ಕೆ ವೆಬ್‌ಪುಟಗಳ ಪ್ರೋಗ್ರಾಂ ಭಾಷೆ ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಸಾಲು ಸಾಕು. ಹೆಸರು ‘ವೆಬ್’ ಮತ್ತು ಪ್ಲಸ್ ಚಿಹ್ನೆಯಿಂದ ಶುರುವಾಗಬೇಕು, ಆಮೇಲೆ ಇಂಗ್ಲಿಷಿನ ಸಣ್ಣಕ್ಷರ ಮಾತ್ರ. ಆ ಹೆಸರಿನೊಳಗೆ ಅಂಕಿ ನಡೆಯುವುದಿಲ್ಲ. ಸೈಟು ಎಚ್‌ಟಿಟಿಪಿಎಸ್‌ನಲ್ಲಿ, ಅಂದರೆ ಸುರಕ್ಷಿತ ಸಂಪರ್ಕದಲ್ಲಿರಬೇಕು, ಲಿಂಕ್ ಅದೇ ಸೈಟಿನ ಪುಟಕ್ಕೇ ಹೋಗಬೇಕು. ಎಡವಟ್ಟು ಇರುವುದು ಮುಂದೆ. ಪ್ರತಿ ಕಂಪ್ಯೂಟರಿನಲ್ಲೂ ಯಾರಾದರೂ ‘ಅಲೋ’ ಒತ್ತಬೇಕು. ಐಫೋನಿನ ಸಫಾರಿ ಬ್ರೌಸರ್ ಇದನ್ನು ಒಪ್ಪುವುದಿಲ್ಲ, ಆಂಡ್ರಾಯ್ಡ್ ಕ್ರೋಮ್ ಕೂಡ ಇಲ್ಲ. ನಿಮ್ಮ ಗಿರಾಕಿಗಳು ಕಾರ್ಡಿನ ಪ್ರೂಫ್ ನೋಡುವುದೇ ಮೊಬೈಲ್‌ನಲ್ಲಿ!

ಅಂಗಡಿಯೊಳಗಿನ ಕಂಪ್ಯೂಟರುಗಳಿಗೆ ಬೇಕಾದರೆ ಮಾಡಿಕೊಳ್ಳಲಿ. ಗಿರಾಕಿಗೆ ಮಾಮೂಲಿ ವೆಬ್ ಲಿಂಕೇ ಕಳಿಸಿ. ಆದರೆ ಲಿಂಕಿನ ಕೊನೆಗೆ ಬರೀ 101, 102 ಅಂತ ಸಾಲು ನಂಬರ್ ಬೇಡ. ಒಂದಂಕಿ ಬದಲಿಸಿದರೆ ಇನ್ನೊಬ್ಬರ ಮನೆ ಮದುವೆ ಕಾರ್ಡು, ಫೋನ್ ನಂಬರ್ ಸಮೇತ ತೆರೆದುಕೊಳ್ಳಬಹುದು. ಊಹಿಸಲಾಗದಂತೆ ಉದ್ದದ ಅಕ್ಷರಗಳನ್ನು ಸೇರಿಸಲು ಅಳಿಯನಿಗೆ ಹೇಳಿ.