ಮಾರ್ಷಲ್ ಡ್ಯೂಟಿಗೆ ಹೋದಾಗ ಪಿಟ್ ಟೇಬಲ್ ಕಾಯೋರು ಯಾರು?

ಆರ್‌ಸಿ ಕಾರು, ಅಂದರೆ ರಿಮೋಟಿನಿಂದ ಓಡಿಸುವ ಪುಟ್ಟ ಕಾರಿನ ರೇಸಿಗೆ ಒಬ್ಬರೇ ಹೋಗೋದು, ಮಾರ್ಷಲ್ ಮಾಡುವಾಗ (ಟ್ರ್ಯಾಕ್ ಪಕ್ಕ ನಿಂತು ಬೇರೆಯವರ ಮಗುಚಿದ ಕಾರು ಎತ್ತಿಡುವಾಗ) ಪಿಟ್ ಟೇಬಲ್, ಅಂದರೆ ಕಾರು ಸಿದ್ಧ ಮಾಡುವ ಮೇಜಿನ ಮೇಲಿನ ಸಾಮಾನು ಏನು ಮಾಡೋದು ಅಂತ ಕೇಳಿದ್ದೀರಿ. ಕಳ್ಳನಿಗೆ ಅವಕಾಶ ಸಿಗೋದು ಆ ಹೊತ್ತಿನಲ್ಲಿ. ನಿಮ್ಮ ಹೀಟ್ (ನಿಮ್ಮ ಗುಂಪಿನ ಓಟ), ಅದರ ಬೆನ್ನಿಗೇ ಮಾರ್ಷಲ್ ಕೆಲಸ, ಅಷ್ಟೂ ಹೊತ್ತು ಟೇಬಲ್ ಹತ್ತಿರ ಯಾರೂ ಇರೋದಿಲ್ಲ. ಪಕ್ಕದ ಟೇಬಲಿನವರು ಬೇರೆ ಹೀಟಿನಲ್ಲಿದ್ದರೆ ಅವರನ್ನೇ ಕೇಳಿ, ಸರದಿ ಮೇಲೆ ನೋಡಿಕೊಳ್ಳಬಹುದು.

ಚಾರ್ಜರ್, ರೇಡಿಯೋ (ಕಾರಿನ ರಿಮೋಟ್) ಎರಡನ್ನೂ ಬ್ಯಾಗಿಗೆ ಹಾಕಿ, ಬ್ಯಾಗಿನ ಹಿಡಿಗೆ ಕೇಬಲ್ ಲಾಕ್ ತೂರಿಸಿ ಟೇಬಲ್ ಕಾಲಿಗೆ ಬಿಗಿಯಿರಿ. ಲಿಪೋ ಬ್ಯಾಟರಿ ಚಾರ್ಜಿಗೆ ಹಾಕಿ ಮಾತ್ರ ಹೋಗಬೇಡಿ, ಕಳ್ಳನಿಗಿಂತ ಬೆಂಕಿಯ ಭಯ ದೊಡ್ಡದು!

ಸ್ವಂತ ಟ್ರಾನ್ಸ್‌ಪಾಂಡರ್ (ಲ್ಯಾಪ್ ಎಣಿಕೆಗೆ ಕಾರಿನಲ್ಲಿ ಇಡುವ ಪುಟ್ಟ ಸಾಧನ) ಇದ್ದರೆ ಅದರ ನಂಬರ್ ಬರೆದಿಟ್ಟುಕೊಳ್ಳಿ. ಕದ್ದವನು ಅದನ್ನು ಹಾಕಿಕೊಂಡು ಓಡಿಸಿದರೆ ಲ್ಯಾಪ್ ಎಣಿಸುವ ಕಂಪ್ಯೂಟರಿನಲ್ಲಿ ಅದೇ ನಂಬರ್ ಬರುತ್ತೆ. ಕಳೆದರೆ ಟೈಮಿಂಗ್ ನೋಡುವವರಿಗೆ ಆಗಲೇ ಹೇಳಿಬಿಡಿ.